ಬೋರ್ಡ್ ಹೋಗಿಲ್ಲ, ಕಾರ್ಡ್ ಅಲ್ಲೇ ಇದೆ

ಕಂಪ್ಯೂಟರ್ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ಗೋಳು. ಸಿಗ್ನಲ್ ಕಮ್ಮಿ ಅನ್ನುವ ದೂರು ಆಗಿದ್ದರೆ ಬೇರೆ ಮಾತು. ಇಲ್ಲಿ ವೈ-ಫೈ ಗುರುತೇ ಮಾಯ, ಲ್ಯಾಪ್‌ಟಾಪ್‌ಗೆ ತನ್ನೊಳಗೆ ಅಂಥದ್ದೊಂದು ಕಾರ್ಡ್ ಇರುವುದೇ ಗೊತ್ತಿಲ್ಲ. ಹಾಗಾಗಿ ಪೂರ್ತಿ ಅಂಕಣವನ್ನು ಇದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ನಾನು ಬಿ.ಕಾಂ. ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ಅಪ್ಪ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಡಿಸಿದರು. ವಿಂಡೋಸ್ ತುಂಬಾ ನಿಧಾನ ಇತ್ತು ಅಂತ ಸೀನಿಯರ್ ಒಬ್ಬರು ತಮ್ಮ ಹಳೇ ಪೆನ್‌ಡ್ರೈವ್‌ನಿಂದ ಉಬುಂಟು 20.04 (ಲಿನಕ್ಸ್‌ನ ಒಂದು ಬಗೆ) ಹಾಕಿಕೊಟ್ಟರು. ಈಗ ಮೆಷಿನ್ ಚುರುಕಾಗಿದೆ, ಆದರೆ ‘ನೋ ವೈ-ಫೈ ಅಡಾಪ್ಟರ್ ಫೌಂಡ್’ ಅಂತ ಬರುತ್ತದೆ. ಅಂಗಡಿಯಲ್ಲಿ ತೋರಿಸಿದರೆ ‘ಮದರ್‌ಬೋರ್ಡ್ ಹೋಗಿದೆ, ಒಂಬತ್ತು ಸಾವಿರ ಆಗುತ್ತೆ’ ಅಂದರು. ಅಪ್ಪನಿಗೆ ಇನ್ನೂ ಹೇಳಿಲ್ಲ. ಕಳೆದ ಪತ್ರಕ್ಕೆ ನೀವು ಕೇಳಿದ ಕಮಾಂಡ್ ಹೊಡೆದು ಫೋಟೋ ಕಳಿಸಿದ್ದೇನೆ. ಏನು ಮಾಡಲಿ?
— ಓದುಗರು, ಶಿರಸಿ

ಉತ್ತರ: ತಂಗೀ, ಮೊದಲು ಆ ಒಂಬತ್ತು ಸಾವಿರದ ಚಿಂತೆ ಬಿಡಿ. ಬೋರ್ಡ್ ಹೋಗಿಲ್ಲ, ಕಾರ್ಡೂ ಹೋಗಿಲ್ಲ. ಊಹೆ ಮಾಡಿ ಹೇಳುತ್ತಿಲ್ಲ, ನಿಮ್ಮ ಫೋಟೋದಲ್ಲೇ ಅದು ಬರೆದಿದೆ.

ಬೇರೆ ಓದುಗರಿಗೂ ಉಪಯೋಗ ಆಗಲಿ ಅಂತ ಆ ಕಮಾಂಡ್ ಇಲ್ಲಿ ಹೇಳುತ್ತೇನೆ. ಟರ್ಮಿನಲ್ (ಕಮಾಂಡ್ ಹೊಡೆಯುವ ಕಿಟಕಿ) ತೆಗೆದು ಎಲ್, ಎಸ್, ಪಿ, ಸಿ, ಐ ಅಂತ ಐದು ಸಣ್ಣ ಇಂಗ್ಲಿಷ್ ಅಕ್ಷರ ಹೊಡೆಯಬೇಕು, ಮಧ್ಯೆ ಜಾಗ ಬಿಡಬಾರದು. ಆಮೇಲೆ ಒಂದು ಸ್ಪೇಸ್, ಒಂದು ಸಣ್ಣ ಅಡ್ಡಗೆರೆ, ಅದಕ್ಕೆ ಅಂಟಿದ ಹಾಗೆ ಎನ್, ಎನ್, ಕೆ. ಎಂಟರ್ ಒತ್ತಿದರೆ ಪರದೆ ತುಂಬಾ ಸಾಲುಗಳು ಬರುತ್ತವೆ. ಅದರಲ್ಲಿ ‘ನೆಟ್‌ವರ್ಕ್ ಕಂಟ್ರೋಲರ್’ ಅಂತ ಇರುವ ಸಾಲು ಹುಡುಕಬೇಕು.

ನಿಮ್ಮ ಫೋಟೋದಲ್ಲಿ ಆ ಸಾಲು ಕೆಳಗಿನಿಂದ ಎರಡನೆಯದು. ಹೆಬ್ಬೆರಳಿನ ನೆರಳು ಬಿದ್ದಿದೆ, ಆದರೂ ಓದಬಹುದು. ರಿಯಲ್‌ಟೆಕ್, ಆರ್‌ಟಿಎಲ್8821ಸಿಇ. ಅದರ ಪಕ್ಕ ಚೌಕ ಕಂಸದಲ್ಲಿ 10ಇಸಿ, ಒಂದು ಕೋಲನ್, ಸಿ821. ಅದರ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಅನ್ನುವ ಸಾಲು ಇರಬೇಕಿತ್ತು, ಇಲ್ಲ. ಕರ್ನಲ್ ಅಂದರೆ ಲಿನಕ್ಸ್‌ನ ತಿರುಳು, ಡ್ರೈವರ್ ಅಂದರೆ ಕಾರ್ಡ್ ಜೊತೆ ಅದರ ಭಾಷೆಯಲ್ಲಿ ಮಾತಾಡುವ ಪ್ರೋಗ್ರಾಂ. ನಿಮ್ಮ ತೊಂದರೆ ಇರುವುದು ಆ ಒಂದು ಸಾಲಿನ ಗೈರುಹಾಜರಿಯಲ್ಲಿ.

ಒಳಗೆ ನಡೆಯುವುದು ಇಷ್ಟು. ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ ಅದು ಒಂದೊಂದೇ ಸ್ಲಾಟನ್ನು ‘ಯಾರಿದ್ದೀರಿ?’ ಅಂತ ಕೇಳುತ್ತಾ ಹೋಗುತ್ತದೆ. ಅಲ್ಲಿ ಕೂತ ಕಾರ್ಡ್ ಎರಡು ನಂಬರ್ ಹೇಳುತ್ತದೆ. ಮೊದಲನೆಯದು ತಯಾರಿಸಿದ ಕಂಪನಿಯದು, ಎರಡನೆಯದು ಮಾಡೆಲ್‌ನದು. ರಿಯಲ್‌ಟೆಕ್ ನಂಬರ್ 10ಇಸಿ. ಬ್ರಾಡ್‌ಕಾಮ್ ಆದರೆ 14ಇ4. ಇಂಟೆಲ್ ತನಗೆ 8086 ಅಂತ ಇಟ್ಟುಕೊಂಡಿದೆ, 1978ರಲ್ಲಿ ಬಂದ ತನ್ನ ಪ್ರೊಸೆಸರ್‌ನ ಹೆಸರು ಅದು. ಕಾರ್ಡ್ ತನ್ನ ನಂಬರ್ ಹೇಳಿತು ಅಂದರೆ ಅದಕ್ಕೆ ಕರೆಂಟ್ ಸಿಗುತ್ತಿದೆ, ಸ್ಲಾಟ್ ಸರಿ ಇದೆ, ಬೋರ್ಡ್ ಅದನ್ನು ಕೇಳಿಸಿಕೊಂಡಿದೆ. ಬೋರ್ಡ್ ಹೋಗಿದ್ದರೆ ಆ ಸಾಲೇ ಬರುತ್ತಿರಲಿಲ್ಲ.

ಆಮೇಲೆ ಲಿನಕ್ಸ್ ಕರ್ನಲ್ ತನ್ನ ಬಳಿ ಇರುವ ಡ್ರೈವರ್‌ಗಳಲ್ಲಿ ಈ ನಂಬರ್ ಗೊತ್ತಿರುವವರು ಯಾರಾದರೂ ಇದ್ದಾರಾ ಅಂತ ನೋಡುತ್ತದೆ. ಉಬುಂಟು 20.04 ಬಂದದ್ದು 2020ರ ಏಪ್ರಿಲ್‌ನಲ್ಲಿ, 5.4 ಅನ್ನುವ ಕರ್ನಲ್ ಜೊತೆ. ನಿಮ್ಮ ಈ ಚಿಪ್‌ಗೆ ಕರ್ನಲ್ ಒಳಗೇ ಡ್ರೈವರ್ ಬಂದದ್ದು 5.9ರಲ್ಲಿ, ಅಂದರೆ 2020ರ ಅಕ್ಟೋಬರ್‌ನಲ್ಲಿ. ನಿಮ್ಮ ಸೀನಿಯರ್‌ನ ಪೆನ್‌ಡ್ರೈವ್ ಆರು ತಿಂಗಳು ಹಳೆಯದಾಯ್ತು. ಕಾರ್ಡ್ ‘ನಾನಿದ್ದೀನಿ’ ಅಂತು, ಅದರ ಭಾಷೆ ಬಲ್ಲವರು ಮನೆಯಲ್ಲಿ ಯಾರೂ ಇರಲಿಲ್ಲ.

ಪರಿಹಾರ ಎರಡು. 20.04ರಲ್ಲೇ ಮುಂದುವರಿಯುವುದಾದರೆ ಅದರ ಸಾಫ್ಟ್‌ವೇರ್ ಭಂಡಾರದಲ್ಲಿ ಈ ಚಿಪ್‌ಗೆ ಅಂತಲೇ ಒಂದು ಪ್ಯಾಕೇಜ್ ಇದೆ. ಹೆಸರಿನ ಕೊನೆಗೆ ಡಿಕೆಎಂಎಸ್ ಅಂತ ಇರುತ್ತದೆ. ಅದು ನಿಮ್ಮ ಮೆಷಿನ್‌ನಲ್ಲೇ ಡ್ರೈವರನ್ನು ಕಟ್ಟಿ ಕೂರಿಸುತ್ತದೆ. ಆದರೆ ಸೆಕ್ಯೂರ್ ಬೂಟ್ (ಸಹಿ ಇಲ್ಲದ ಡ್ರೈವರ್‌ಗಳನ್ನು ತಡೆಯುವ ಕಾವಲು) ಆನ್ ಇದ್ದರೆ ಒಂದು ಪಾಸ್‌ವರ್ಡ್ ಇಡಲು ಕೇಳುತ್ತದೆ. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬಂದು ‘ಎನ್‌ರೋಲ್ ಎಂಒಕೆ’ ಅನ್ನುತ್ತದೆ. ಅಲ್ಲಿ ಅದೇ ಪಾಸ್‌ವರ್ಡ್ ಕೊಡಬೇಕು. ತುಂಬಾ ಜನ ಆ ನೀಲಿ ಪರದೆ ನೋಡಿ ಹೆದರಿ ‘ಕಂಟಿನ್ಯೂ ಬೂಟ್’ ಒತ್ತುತ್ತಾರೆ. ಆಗ ಡ್ರೈವರ್ ಡಿಸ್ಕ್‌ನಲ್ಲಿ ಇದ್ದೂ ಲೋಡ್ ಆಗುವುದಿಲ್ಲ.

ನನ್ನನ್ನು ಕೇಳಿದರೆ ಆ ದಾರಿ ಬೇಡ. 20.04ಕ್ಕೆ ಉಚಿತ ಅಪ್‌ಡೇಟ್ ಕೊಡುವ ಮಾಮೂಲಿ ಅವಧಿ 2025ರಲ್ಲಿ ಮುಗಿದಿದೆ. ಉಬುಂಟು 24.04 ಹಾಕಿಕೊಳ್ಳಿ. ಅದರ ಕರ್ನಲ್ 6.8 ಅಥವಾ ಅದಕ್ಕಿಂತ ಹೊಸದು, ನಿಮ್ಮ ಕಾರ್ಡಿನ ಡ್ರೈವರ್ ಒಳಗೇ ಇದೆ. ಹಾಕುವ ಮೊದಲು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ‘ಟ್ರೈ ಉಬುಂಟು’ ಆರಿಸಿಕೊಳ್ಳಿ. ಡಿಸ್ಕ್‌ಗೆ ಏನೂ ಆಗುವುದಿಲ್ಲ. ಮೇಲ್ಗಡೆ ಬಲಮೂಲೆಯಲ್ಲಿ ವೈ-ಫೈ ಬಂತಾ ನೋಡಿ, ಬಂದ ಮೇಲೆ ಇನ್‌ಸ್ಟಾಲ್ ಮಾಡಿ. ಕಾಲೇಜಿನ ಫೈಲ್‌ಗಳನ್ನು ಮೊದಲೇ ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳುವುದು ಮರೀಬೇಡಿ.

‘ವೈ-ಫೈ ಇಲ್ಲದೆ ಇದನ್ನೆಲ್ಲ ಡೌನ್‌ಲೋಡ್ ಮಾಡೋದು ಹೇಗೆ?’ ಅಂತ ಪತ್ರದ ಕೊನೆಗೆ ಕೇಳಿದ್ದೀರಿ. ಮೊಬೈಲನ್ನು ಚಾರ್ಜರ್ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ, ಮೊಬೈಲ್‌ನ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿ. ಲಿನಕ್ಸ್‌ಗೆ ಅದು ವೈರ್ ಹಾಕಿದ ಇಂಟರ್ನೆಟ್ ಥರ ಕಾಣುತ್ತದೆ, ಬೇರೆ ಡ್ರೈವರ್ ಬೇಕಾಗುವುದಿಲ್ಲ. ಬರೀ ಚಾರ್ಜ್ ಆಗುವ ಅಗ್ಗದ ಕೇಬಲ್ ನಡೆಯಲ್ಲ, ಡೇಟಾ ಹೋಗುವ ಕೇಬಲ್ ಬೇಕು.

ಈ ಟೆದರಿಂಗ್ ಸೌಕರ್ಯ ನನಗೆ 2009ರಲ್ಲಿ ಇರಲಿಲ್ಲ. ಶಿವಮೊಗ್ಗದಲ್ಲಿ ಆಗ ನಾನು ಕೊಂಡ ಮೊದಲ ಲ್ಯಾಪ್‌ಟಾಪ್‌ನಲ್ಲೂ ಇದೇ ಕತೆ. ಕಾರ್ಡ್ ಕಾಣುತ್ತಿತ್ತು, ಫರ್ಮ್‌ವೇರ್ ಇರಲಿಲ್ಲ. ಫರ್ಮ್‌ವೇರ್ ಅಂದರೆ ಪ್ರತಿ ಸಲ ಆನ್ ಮಾಡಿದಾಗ ಡ್ರೈವರ್ ಕಾರ್ಡ್‌ನೊಳಗೆ ತುಂಬುವ ಸಣ್ಣ ಪ್ರೋಗ್ರಾಂ. ಬಸ್ ಸ್ಟ್ಯಾಂಡ್ ಹತ್ತಿರದ ಸೈಬರ್‌ಗೆ ಹೋಗುವುದು, ಒಂದು ಫೈಲ್ ಪೆನ್‌ಡ್ರೈವ್‌ಗೆ ಹಾಕಿಕೊಂಡು ಮನೆಗೆ ಬರುವುದು, ಅದು ಇನ್ನೊಂದು ಫೈಲ್ ಕೇಳುವುದು, ಮತ್ತೆ ಸೈಬರ್. ಎನ್‌ಡಿಐಎಸ್‌ರ್‍ಯಾಪರ್ ಅಂತ ಒಂದಿತ್ತು, ವಿಂಡೋಸ್ ಡ್ರೈವರನ್ನೇ ಲಿನಕ್ಸ್ ಒಳಗೆ ಓಡಿಸುತ್ತಿತ್ತು. ಅದನ್ನೂ ನೋಡಿದೆ. ಎಂಟು ದಿನ ಆದಮೇಲೆ ಒಂದು ರಾತ್ರಿ ಪಕ್ಕದ ಮನೆಯವರ ವೈ-ಫೈ ಹೆಸರು ಪರದೆಯ ಮೇಲೆ ಬಂತು. ಆ ಹೆಸರು ನೋಡಿ ಆದ ಖುಷಿ ಇವತ್ತಿಗೂ ನೆನಪಿದೆ. ಆಗೆಲ್ಲ ಡೆಬಿಯನ್ (ಉಬುಂಟು ಥರ ಲಿನಕ್ಸ್‌ನ ಇನ್ನೊಂದು ಬಗೆ) ಇಂಥ ಫರ್ಮ್‌ವೇರನ್ನು ತನ್ನ ಮುಖ್ಯ ಇನ್‌ಸ್ಟಾಲರ್‌ನಲ್ಲಿ ಕೊಡುತ್ತಿರಲಿಲ್ಲ, ತತ್ವದ ಪ್ರಶ್ನೆ ಅದು. 2022ರಲ್ಲಿ ಅವರೊಳಗೇ ಮತ ಹಾಕಿ ಬದಲಾಯಿಸಿದರು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಜೊತೆಗೇ ಬರುತ್ತಿದೆ. ಒಳ್ಳೆ ತೀರ್ಮಾನ ಅಂತ ನನ್ನ ಅಭಿಪ್ರಾಯ. ಹೊಸದಾಗಿ ಕಲಿಯುವ ಮಕ್ಕಳು ಮೊದಲ ದಿನವೇ ಕೈಚೆಲ್ಲಬಾರದು ಅಲ್ವಾ?

ಅಪ್ಪನಿಗೆ ಹೇಳಿ. ಖರ್ಚು ಏನೂ ಇಲ್ಲ, ಒಂದು ಸಂಜೆಯ ಕೆಲಸ ಅನ್ನಿ.

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಶಿಕ್ಷಕ. ಮಗ ಬಿಟ್ಟು ಹೋದ ಹಳೇ ಲ್ಯಾಪ್‌ಟಾಪ್ ಬಳಸುತ್ತೇನೆ. ಮೊಮ್ಮಗಳು ಬಂದು ಹೋದ ಮೇಲೆ ವೈ-ಫೈ ಬರುತ್ತಿಲ್ಲ. ಲಿನಕ್ಸ್ ಇದೆ. ‘ಹಾರ್ಡ್ ಬ್ಲಾಕ್ಡ್: ಯೆಸ್’ ಅಂತ ಬರುತ್ತದೆ.
— ಓದುಗರು, ಮೈಸೂರು

ಉತ್ತರ: ಮೇಷ್ಟ್ರೇ, ಲ್ಯಾಪ್‌ಟಾಪ್‌ನ ಮುಂದಿನ ಅಂಚನ್ನು ಬೆರಳಿನಿಂದ ಸವರಿ ನೋಡಿ. ಅಲ್ಲಿಲ್ಲದಿದ್ದರೆ ಎಡ, ಬಲ ಅಂಚು. ಉಗುರಿನಿಂದ ಸರಿಸುವಂಥ ಚಿಕ್ಕ ಸ್ವಿಚ್ ಸಿಗುತ್ತದೆ, ಪಕ್ಕದಲ್ಲಿ ಆಂಟೆನಾ ಚಿತ್ರ ಇರುತ್ತದೆ. ಆ ಕಡೆ ಇದ್ದರೆ ಈ ಕಡೆ ಸರಿಸಿ. ‘ಹಾರ್ಡ್’ ಅಂದರೆ ಸ್ವಿಚ್ ಅಥವಾ ಬಟನ್ ತಡೆ ಹಿಡಿದಿದೆ ಅಂತ, ‘ಸಾಫ್ಟ್’ ಅಂದರೆ ಸಾಫ್ಟ್‌ವೇರ್ ತಡೆ ಹಿಡಿದಿದೆ ಅಂತ. ಹಾರ್ಡ್ ಬ್ಲಾಕನ್ನು ಯಾವ ಕಮಾಂಡೂ ತೆಗೆಯಲಾರದು. ಸ್ವಿಚ್ ಸಿಗದಿದ್ದರೆ ಮೇಲಿನ ಸಾಲಿನ ಕೀಗಳಲ್ಲಿ ವಿಮಾನದ ಅಥವಾ ಆಂಟೆನಾದ ಚಿತ್ರ ಇರುವುದನ್ನು ಎಫ್‌ಎನ್ ಕೀ ಜೊತೆ ಒತ್ತಿ.

ಪ್ರಶ್ನೆ: ಸಣ್ಣ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದೇನೆ. ವಿಂಡೋಸ್ ಲ್ಯಾಪ್‌ಟಾಪ್, ಐದು ವರ್ಷ ಹಳೆಯದು. ಮಳೆಗಾಲ ಶುರುವಾದಾಗಿನಿಂದ ವೈ-ಫೈ ಇದ್ದಕ್ಕಿದ್ದ ಹಾಗೆ ಕಾಣೆಯಾಗುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲೂ ಹೆಸರಿಲ್ಲ. ಎರಡು ದಿನ ಬಿಟ್ಟು ತಾನೇ ಬರುತ್ತದೆ. ಎರಡು ಸಲ ಫಾರ್ಮ್ಯಾಟ್ ಮಾಡಿಸಿದೆ. ಬ್ಲೂಟೂತ್ ಕೂಡ ಅದರ ಜೊತೆಗೇ ಹೋಗುತ್ತದೆ.
— ಓದುಗರು, ಕುಂದಾಪುರ

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿಗೆ ಥ್ಯಾಂಕ್ಸ್. ಅದೊಂದೇ ಸಾಲು ಅರ್ಧ ಕೆಲಸ ಮಾಡಿಕೊಟ್ಟಿತು.

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ವೈ-ಫೈ ಮತ್ತು ಬ್ಲೂಟೂತ್ ಸಾಮಾನ್ಯವಾಗಿ ಒಂದೇ ಕಾರ್ಡ್‌ನಲ್ಲಿ ಇರುತ್ತವೆ. ಆದರೆ ಬೋರ್ಡ್ ಜೊತೆ ಮಾತಾಡುವ ದಾರಿ ಬೇರೆ ಬೇರೆ. ವೈ-ಫೈ ಪಿಸಿಐ ಎಕ್ಸ್‌ಪ್ರೆಸ್ ದಾರಿ ಹಿಡಿದರೆ ಬ್ಲೂಟೂತ್ ಯುಎಸ್‌ಬಿ ದಾರಿ ಹಿಡಿಯುತ್ತದೆ. ಬ್ಲೂಟೂತ್ ಇದ್ದು ವೈ-ಫೈ ಮಾತ್ರ ಹೋದರೆ ಮೊದಲು ಡ್ರೈವರ್ ಮೇಲೆ ಅನುಮಾನ ಪಡಬೇಕು. ಎರಡೂ ಒಟ್ಟಿಗೆ ಹೋಗಿ ಒಟ್ಟಿಗೆ ಬಂದರೆ ಪೂರ್ತಿ ಕಾರ್ಡೇ ಆಗಾಗ ಕರೆಂಟ್ ಅಥವಾ ಕಾಂಟ್ಯಾಕ್ಟ್ ಕಳೆದುಕೊಳ್ಳುತ್ತಿದೆ. ಫಾರ್ಮ್ಯಾಟ್ ಮಾಡಿಸಿದ್ದು ದಂಡ ಆಯ್ತು, ಬೇಜಾರಾಗುತ್ತದೆ.

ಬಿಚ್ಚುವ ಮೊದಲು ಒಂದು ಸುಲಭದ ಪ್ರಯೋಗ ಮಾಡಿ. ವಿಂಡೋಸ್‌ನಲ್ಲಿ ‘ಶಟ್ ಡೌನ್’ ಕೊಟ್ಟರೆ ಮೆಷಿನ್ ಪೂರ್ತಿ ಮಲಗುವುದಿಲ್ಲ. ವಿಂಡೋಸ್ 8ರಿಂದ ‘ಫಾಸ್ಟ್ ಸ್ಟಾರ್ಟಪ್’ ಅಂತ ಬಂದಿದೆ. ಅದು ಒಳಗಿನ ಸ್ಥಿತಿಯನ್ನು ಡಿಸ್ಕ್‌ಗೆ ಬರೆದಿಟ್ಟು ಮುಂದಿನ ಸಲ ಅಲ್ಲಿಂದಲೇ ಎದ್ದೇಳುತ್ತದೆ. ಹಾಗಾಗಿ ಶಿಫ್ಟ್ ಕೀ ಹಿಡಿದುಕೊಂಡು ಶಟ್ ಡೌನ್ ಕೊಡಿ. ಚಾರ್ಜರ್ ತೆಗೆಯಿರಿ. ಬ್ಯಾಟರಿ ಹೊರಗೆ ಬರುವಂಥದ್ದಾದರೆ ಅದನ್ನೂ ತೆಗೆಯಿರಿ. ಪವರ್ ಬಟನ್ನನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟೆಲ್ಲ ಇಳಿದು ಹೋಗುತ್ತದೆ. ಸಿಕ್ಕಿಹಾಕಿಕೊಂಡ ಕಾರ್ಡ್ ಮೊದಲಿನಿಂದ ಶುರು ಮಾಡುತ್ತದೆ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಇಷ್ಟಕ್ಕೇ ವೈ-ಫೈ ವಾಪಸ್ ಬಂದಿದ್ದನ್ನು ನೋಡಿದ್ದೇನೆ.

ಬಂದು ಮತ್ತೆ ವಾರದಲ್ಲಿ ಹೋಯ್ತು ಅಂದರೆ ಬಿಚ್ಚಲೇಬೇಕು. ಕರಾವಳಿಯ ಗಾಳಿಯಲ್ಲಿ ಉಪ್ಪು ಮತ್ತು ತೇವ ಎರಡೂ ಇರುತ್ತವೆ. ಕಾರ್ಡಿನ ಅಂಚಿನ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಮಂಜು ಕಟ್ಟಿದ ಹಾಗೆ ತೆಳ್ಳಗೆ ಪೊರೆ ಬರುತ್ತದೆ. ಮಲೆನಾಡಿನ ಮಳೆಗಾಲದಲ್ಲೂ ಇದನ್ನು ಪ್ರತಿ ವರ್ಷ ನೋಡುತ್ತೇನೆ.

ಕೈಯಲ್ಲಿ ಮಾಡುವ ಧೈರ್ಯ ಇದ್ದರೆ ಕ್ರಮ ಹೀಗಿದೆ. ಹಿಂದಿನ ಮುಚ್ಚಳ ತೆಗೆದ ಕೂಡಲೇ ಒಳಗಿನ ಬ್ಯಾಟರಿಯ ಕನೆಕ್ಟರ್ ಬಿಡಿಸಿ. ಇದನ್ನು ಬಿಟ್ಟು ಮುಂದೆ ಹೋಗಲೇಬೇಡಿ. ಬ್ಯಾಟರಿ ಊದಿಕೊಂಡಿದ್ದರೆ ಅಲ್ಲಿಗೇ ನಿಲ್ಲಿಸಿ ಗೊತ್ತಿರುವವರ ಕೈಗೆ ಕೊಡಿ. ವೈ-ಫೈ ಕಾರ್ಡ್ ಬೆಂಕಿಪೊಟ್ಟಣಕ್ಕಿಂತ ಚಿಕ್ಕದು, 22 ಮಿಲಿಮೀಟರ್ ಅಗಲ, 30 ಉದ್ದ. ಒಂದೇ ಸ್ಕ್ರೂ ಇರುತ್ತದೆ. ಮೇಲೆ ಎರಡು ತೆಳು ವೈರ್ ಸಿಕ್ಕಿಸಿರುತ್ತಾರೆ, ಹೆಚ್ಚಾಗಿ ಒಂದು ಕಪ್ಪು, ಒಂದು ಬಿಳಿ. ಮೊಬೈಲ್‌ನಲ್ಲಿ ಒಂದು ಫೋಟೋ ಹೊಡೆದುಕೊಂಡು ಆಮೇಲೆ ಅವನ್ನು ಬಿಡಿಸಿ. ವೈರ್ ಹಿಡಿದು ಎಳೆಯಬೇಡಿ. ತುದಿಯ ಲೋಹದ ಟೋಪಿಯ ಕೆಳಗೆ ಉಗುರು ಹಾಕಿ ನೇರ ಮೇಲಕ್ಕೆ ಎತ್ತಿ. ಸ್ಕ್ರೂ ತೆಗೆದರೆ ಕಾರ್ಡ್ ತಾನೇ ಓರೆಯಾಗಿ ಏಳುತ್ತದೆ, ಹಾಗೇ ಹಿಂದಕ್ಕೆ ಎಳೆಯಿರಿ.

ಹಲ್ಲುಗಳನ್ನು ಐಪಿಎಯಿಂದ ಒರೆಸಿ. ಮೊಬೈಲ್ ರಿಪೇರಿಯವರ ಹತ್ತಿರ ಇರುವ ಐಸೊಪ್ರೊಪೈಲ್ ಆಲ್ಕೋಹಾಲ್ ಅದು. ಹೋಗದ ಕಲೆ ಇದ್ದರೆ ಮಕ್ಕಳ ಬಿಳಿ ರಬ್ಬರ್‌ನಿಂದ ಹಗುರವಾಗಿ ಎರಡು ಸಲ ಉಜ್ಜಿ, ಪುಡಿ ಪೂರ್ತಿ ಒರೆಸಿ. ಉಪ್ಪುಕಾಗದ ಖಂಡಿತ ಬೇಡ, ಚಿನ್ನದ ಲೇಪನವೇ ಹೋಗುತ್ತದೆ. ಸೆಂಟ್, ಸ್ಯಾನಿಟೈಸರ್ ಕೂಡ ಬೇಡ, ಅವುಗಳ ಅಂಟು ಉಳಿಯುತ್ತದೆ. ಸ್ಲಾಟ್ ಒಳಗೆ ಒಣ ಬ್ರಷ್ ಸಾಕು.

ವಾಪಸ್ ಹಾಕುವಾಗ ಕಾರ್ಡಿನ ಮೇಲೆ ಸಣ್ಣ ತ್ರಿಕೋನ ನೋಡಿ. ತುಂಬಿದ ತ್ರಿಕೋನಕ್ಕೆ ಕಪ್ಪು ವೈರ್, ಖಾಲಿ ತ್ರಿಕೋನಕ್ಕೆ ಬಿಳಿ. ಟೋಪಿಯನ್ನು ಗುಂಡಿಯ ಮೇಲೆ ಸರಿಯಾಗಿ ಕೂರಿಸಿ ಬೆರಳ ತುದಿಯಿಂದ ಒತ್ತಿದರೆ ‘ಟಿಕ್’ ಅಂತ ಬೆರಳಿಗೇ ಗೊತ್ತಾಗುತ್ತದೆ. ಟಿಕ್ ಅನ್ನದೆ ಜೋರಾಗಿ ಒತ್ತಿದರೆ ಗುಂಡಿ ಬಾಗುತ್ತದೆ, ಆಮೇಲೆ ಕಾರ್ಡ್ ಕಂಡರೂ ಸಿಗ್ನಲ್ ಬರಲ್ಲ.

ಇಷ್ಟಾದ ಮೇಲೂ ಹೋಗುತ್ತಾ ಬರುತ್ತಾ ಇದ್ದರೆ, ಕಾಣೆಯಾದ ಹೊತ್ತಿನಲ್ಲೇ ಉಬುಂಟು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಶಿರಸಿಯವರಿಗೆ ಹೇಳಿದ ಕಮಾಂಡ್ ಹೊಡೆಯಿರಿ. ಅಲ್ಲಿ ಕಾರ್ಡ್ ಕಂಡರೆ ತಪ್ಪು ವಿಂಡೋಸ್ ಕಡೆಯದು. ಅಲ್ಲೂ ಇಲ್ಲದಿದ್ದರೆ ಬೇರೆ ಕಾರ್ಡ್ ಹಾಕಿ ನೋಡಿ. ಅದೂ ಕಾಣದಿದ್ದಾಗ ಮಾತ್ರ ಬೋರ್ಡ್ ಮಾತು.

ಪ್ರಶ್ನೆ: ಹಳೇ ಕಾರ್ಡ್ ನಿಧಾನ ಅಂತ ಆನ್‌ಲೈನ್‌ನಲ್ಲಿ ಹೊಸ ವೈ-ಫೈ ಕಾರ್ಡ್ ತರಿಸಿ ಹಾಕಿದೆ. ಈಗ ಲ್ಯಾಪ್‌ಟಾಪ್ ಆನೇ ಆಗುತ್ತಿಲ್ಲ. ‘1802: ಅನ್‌ಆಥರೈಸ್ಡ್ ನೆಟ್‌ವರ್ಕ್ ಕಾರ್ಡ್’ ಅಂತ ಬಂದು ನಿಲ್ಲುತ್ತದೆ. ಸುಟ್ಟುಹೋಯ್ತಾ?
— ಓದುಗರು, ಹುಬ್ಬಳ್ಳಿ

ಉತ್ತರ: ಸುಟ್ಟಿಲ್ಲ. ಪೂರ್ತಿ ಆಫ್ ಮಾಡಿ ಹಳೇ ಕಾರ್ಡ್ ಹಾಕಿ, ಮೊದಲಿನ ಹಾಗೇ ಎದ್ದೇಳುತ್ತದೆ.

ಕೆಲವು ಲ್ಯಾಪ್‌ಟಾಪ್‌ಗಳ ಬಯಾಸ್‌ನಲ್ಲಿ (ಆನ್ ಮಾಡಿದ ಕೂಡಲೇ ಮೊದಲು ಓಡುವ ಪ್ರೋಗ್ರಾಂ) ‘ಇಂಥಿಂಥ ಕಾರ್ಡ್‌ಗೆ ಮಾತ್ರ ಪ್ರವೇಶ’ ಅಂತ ಒಂದು ಪಟ್ಟಿ ಇರುತ್ತದೆ. ಆನ್ ಆದಾಗ ಕಾರ್ಡ್ ಹೇಳುವ ನಂಬರ್ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಅಲ್ಲೇ ನಿಲ್ಲಿಸುತ್ತದೆ. ರೇಡಿಯೋ ಅನುಮತಿ ಪಡೆದದ್ದು ಇದೇ ಕಾರ್ಡ್, ಇದೇ ಆಂಟೆನಾ ಜೋಡಿಗೆ ಅನ್ನುವುದು ತಯಾರಕರು ಕೊಡುವ ಕಾರಣ. ಆ ಅನುಮತಿ ಬೇಕು, ಒಪ್ಪುತ್ತೇನೆ. ಆದರೆ ದುಡ್ಡು ಕೊಟ್ಟು ಕೊಂಡ ಮೆಷಿನ್ ಮಾಲೀಕನನ್ನೇ ಹೀಗೆ ಬಾಗಿಲಲ್ಲಿ ತಡೆಯುವುದು ನನಗೆ ಸರಿ ಕಾಣುವುದಿಲ್ಲ. ಕೊಳ್ಳುವಾಗ ಪೆಟ್ಟಿಗೆಯ ಮೇಲಾದರೂ ಬರೆದಿರಬೇಕಿತ್ತು.

ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನುಯಲ್‌ನಲ್ಲಿ ಒಪ್ಪುವ ಕಾರ್ಡ್‌ಗಳ ಪಾರ್ಟ್ ನಂಬರ್ ಇರುತ್ತದೆ. ಅದೇ ನಂಬರಿನ ಕಾರ್ಡ್ ಹುಡುಕಿ. ಬೆಂಗಳೂರಿನ ಎಸ್.ಪಿ. ರೋಡ್ ಕಡೆ ಹೋಗುವವರಿದ್ದರೆ ಹಳೇ ಲ್ಯಾಪ್‌ಟಾಪ್ ಬಿಡಿಭಾಗಗಳ ಅಂಗಡಿಗಳಲ್ಲಿ ಕೇಳಬಹುದು. ಬಯಾಸ್ ತಿದ್ದಿ ಪಟ್ಟಿ ತೆಗೆಸಿಕೊಡುತ್ತೇವೆ ಅನ್ನುವವರ ಮಾತಿಗೆ ಹೋಗಬೇಡಿ. ಮಧ್ಯದಲ್ಲಿ ಎಡವಟ್ಟಾದರೆ ಆಗ ನಿಜಕ್ಕೂ ಬೋರ್ಡ್ ಕೆಲಸ ಬರುತ್ತದೆ.

ಕಾರ್ಡ್ ಕೊಳ್ಳುವವರಿಗೆ ಇನ್ನೊಂದು ಎಚ್ಚರಿಕೆ. ಇಂಟೆಲ್‌ನ ಎಎಕ್ಸ್200 ಮತ್ತು ಎಎಕ್ಸ್201 ನೋಡಲು ಅವಳಿ ಜವಳಿ. 200 ತಾನೇ ಪೂರ್ತಿ ಕಾರ್ಡ್. 201 ಅರ್ಧ ಮಾತ್ರ, ಉಳಿದರ್ಧ ಇಂಟೆಲ್‌ನದೇ ಕೆಲವು ಪ್ರೊಸೆಸರ್, ಚಿಪ್‌ಸೆಟ್‌ಗಳ ಒಳಗಿರುತ್ತದೆ. ಎಎಂಡಿ ಲ್ಯಾಪ್‌ಟಾಪ್‌ಗೆ 201 ಹಾಕಿದರೆ ಸ್ಲಾಟ್‌ಗೆ ಸರಿಯಾಗಿ ಕೂರುತ್ತದೆ, ಸ್ಕ್ರೂ ಕೂಡ ಹಿಡಿಯುತ್ತದೆ, ಆದರೆ ಯಾವ ಆಪರೇಟಿಂಗ್ ಸಿಸ್ಟಮ್‌ಗೂ ಕಾಣುವುದಿಲ್ಲ. 210 ಮತ್ತು 211ರ ನಡುವೆಯೂ ಇದೇ ವ್ಯತ್ಯಾಸ.

ಪ್ರಶ್ನೆ: ಹೊಸ ರೂಟರ್‌ನಲ್ಲಿ ಎರಡು ವೈ-ಫೈ ಹೆಸರಿದೆ. ಮೊಬೈಲ್‌ಗೆ ಎರಡೂ ಕಾಣುತ್ತದೆ, ಲ್ಯಾಪ್‌ಟಾಪ್‌ಗೆ ಕೊನೆಗೆ 5ಜಿ ಅಂತಿರುವುದು ಕಾಣುವುದೇ ಇಲ್ಲ. ಕಾರ್ಡ್ ಹಾಳಾಗಿದೆಯಾ?
— ಓದುಗರು, ಬಳ್ಳಾರಿ

ಉತ್ತರ: ಹಾಳಾಗಿಲ್ಲ, ಅದಕ್ಕೆ ಆ ಶಕ್ತಿ ಇಲ್ಲದಿರಬಹುದು. ಅಲ್ಲಿ 5ಜಿ ಅಂದರೆ 5 ಗಿಗಾಹರ್ಟ್ಸ್, ಮೊಬೈಲ್‌ನ 5ಜಿಗೂ ಇದಕ್ಕೂ ಸಂಬಂಧ ಇಲ್ಲ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ತೆರೆದು ‘ನೆಟ್‌ವರ್ಕ್ ಅಡಾಪ್ಟರ್ಸ್’ ಕೆಳಗೆ ಕಾರ್ಡಿನ ಹೆಸರು ನೋಡಿ. 802.11 (ವೈ-ಫೈ ಮಾನಕದ ನಂಬರ್) ಆದಮೇಲೆ ಬಿ, ಜಿ, ಎನ್ ಅಷ್ಟೇ ಇದ್ದರೆ ಅದು ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುವ ಕಾರ್ಡ್. ಎ ಅಥವಾ ಎಸಿ ಇದ್ದರೆ 5 ಕೂಡ ಹಿಡಿಯಬೇಕು, ಆಗ ಡ್ರೈವರ್ ಅಪ್‌ಡೇಟ್ ಮಾಡಿ ನೋಡಿ. ಕಾರ್ಡ್ 2.4ರದ್ದೇ ಆದರೆ ಎರಡು ಬ್ಯಾಂಡಿನ ಯುಎಸ್‌ಬಿ ಅಡಾಪ್ಟರ್ ಕೊಂಡರೆ ಸಾಕು. ಕೊಳ್ಳುವಾಗ ‘ಡ್ಯುಯಲ್ ಬ್ಯಾಂಡ್’ ಅಂತ ಬರೆದಿದೆಯಾ ನೋಡಿಕೊಳ್ಳಿ.